ಅಣ್ಣನವರ ಪೆಟ್ಟಿಗೆ

ಯುಗಾದಿಗೆ ಮುನ್ನ ಮನೆಯನ್ನು ಸಾರಿಸಿ ಗುಡಿಸಿ, ಅಟ್ಟದ ಮೇಲಿನ ಸಾಮಾನುಗಳನ್ನೆಲ್ಲ ಇಳಿಸಿ ಅಂಗಳದ ಬಿಸಿಲಿಗೆ ಹರಡುವುದು ನಮ್ಮ ಭಾಲ್ಕಿಯ ಕಡೆಯ ಮನೆಗಳಲ್ಲಿ ಹಿರಿಯರ ಕಾಲದಿಂದ ನಡೆದುಬಂದ ಪದ್ಧತಿ. ಈ ವರ್ಷ ಆ ಕೆಲಸಕ್ಕೆ ನಾವು ನಮ್ಮ ಮನೆಯಲ್ಲಿ ಅಲ್ಲ, ಲಿಂಗೈಕ್ಯರಾದ ನಮ್ಮ ಅಣ್ಣನವರ ಮನೆಯಲ್ಲಿ ನಿಲ್ಲಬೇಕಾಯಿತು. ಅವರು ಅಗಲಿ ಆಗ ಎಂಟು ತಿಂಗಳಾಗಿತ್ತು. ಅತ್ತಿಗೆಯವರು ಅಟ್ಟದ ಏಣಿ ಹತ್ತುವ ವಯಸ್ಸಿನವರಲ್ಲ. ಅವರ ಮೊಮ್ಮಗ ಬೀದರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗ. ಅವನು ಮೇಲಿನಿಂದ ಒಂದೊಂದೇ ಸಾಮಾನನ್ನು ಇಳಿಸಿ ಕೊಡುತ್ತಿದ್ದನು; ನಾವು ಕೆಳಗೆ ನಿಂತು ಇರಿಸಿಕೊಳ್ಳುವುದೆಷ್ಟು, ಗುಜರಿಗೆ ಹೋಗುವುದೆಷ್ಟು ಎಂದು ವಿಂಗಡಿಸುತ್ತಿದ್ದೆವು.

ಕೊನೆಗೆ ಇಳಿದದ್ದು ಒಂದು ದೊಡ್ಡ ತಗಡಿನ ಪೆಟ್ಟಿಗೆ. ತೆರೆದು ನೋಡಿದರೆ ಮೇಲೆ ಒಂದು ಕಪ್ಪು ಬಣ್ಣದ ಕೀಲಿಮಣೆ, ಅದರ ಕೆಳಗೆ ಹಾವಿನ ಹುತ್ತದಂತೆ ಹೆಣೆದುಕೊಂಡಿದ್ದ ತಂತಿಗಳ ರಾಶಿ, ಏಳೆಂಟು ಕ್ಯಾಸೆಟ್ಟುಗಳು ಹಾಗೂ ಚೌಕಳಿ ಗೆರೆಗಳ ಒಂದು ನೋಟುಪುಸ್ತಕ. ನಾವು ಕ್ಷಣಮಾತ್ರವೂ ಯೋಚಿಸದೆ "ಇದು ಗುಜರಿಗೆ" ಎಂದುಬಿಟ್ಟೆವು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆಯವರು ಮೆಲ್ಲಗೆ, "ಅದನ್ನ ಹಾಕಬ್ಯಾಡ್ರಿ. ಒಮ್ಮೆ ಹಚ್ಚಿ ತೋರಸ್ರಿ, ಅಷ್ಟು ಸಾಕು" ಎಂದರು.

ಆ ಮಾತು ನಮ್ಮನ್ನು ಏಕೆ ಇರಿಯಿತೆಂಬುದನ್ನು ವಾಚಕ ಬಂಧುಗಳಿಗೆ ಮೊದಲೇ ತಿಳಿಸಿಬಿಡುವುದು ಲೇಸು. ನಮ್ಮ ಅಣ್ಣನವರು ಬೇರೊಂದು ಊರಿನ ಪ್ರೌಢಶಾಲೆಯಲ್ಲಿ ಗಣಿತದ ಅಧ್ಯಾಪಕರಾಗಿದ್ದರು. 1988ರ ಬೇಸಿಗೆಯಲ್ಲಿ ನಮ್ಮ ಹಿರಿಯರ ಹೊಲದ ಬಾವಿ ಬತ್ತಿತು. ಅದನ್ನು ಆಳ ಮಾಡಿಸಲು ನಾವು ಅವರ ಪಾಲಿನ ಹಣ ಕೇಳಿದಾಗ, ಎರಡು ತಿಂಗಳು ತಡೆಯಬೇಕೆಂದು ಅವರು ಬರೆದರು. ಅದೇ ತಿಂಗಳು ಅವರು ಪುಣೆಯಿಂದ ಒಂದು ಗಣಕಯಂತ್ರ ಕೊಂಡು ತಂದರೆಂಬ ಸುದ್ದಿ ಬಂದಿತು. "ಆಟಿಕೆಗೆ ಹಣವಿದೆ, ಬಾವಿಗೆ ಇಲ್ಲವೇ?" ಎಂದು ನಾವು ನಾಲ್ಕು ಜನರ ಮುಂದೆ ಆಡಿದೆವು. ಮರುವರ್ಷದ ಬಸವ ಜಯಂತಿಗೆ ಅವರು, "ಮನೆಗೆ ಬನ್ನಿರಿ, ಯಂತ್ರದಲ್ಲಿ ಕನ್ನಡ ಬರೆದಿದ್ದೇನೆ, ನೋಡುವಿರಂತೆ" ಎಂದು ಕಾರ್ಡು ಹಾಕಿದರು. ನಾವು ಹೋಗಲಿಲ್ಲ. ಯಂತ್ರಕ್ಕೆ ಕನ್ನಡ ಬಾರದು, ಅದು ನಮಗೆ ಗೊತ್ತು ಎಂದು ಉತ್ತರ ಬರೆದೆವು. ಮುಂದೆ ಮದುವೆ ಮುಂಜಾವುಗಳಲ್ಲಿ ಭೇಟಿಯಾದೆವು, ಮಾತಾಡಿದೆವು, ಒಂದೇ ಪಂಕ್ತಿಯಲ್ಲಿ ಪ್ರಸಾದ ಸ್ವೀಕರಿಸಿದೆವು. ಆದರೆ ಆ ಯಂತ್ರದ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಈಗ ಆ ಯಂತ್ರ ನಮ್ಮ ಕಾಲ ಬಳಿ ಬಿಸಿಲಿನಲ್ಲಿ ಬಿದ್ದಿತ್ತು.

ಅದರ ಕುಲಗೋತ್ರವನ್ನು ಹುಡುಗ ಅಂದೇ ಸಂಜೆ ಪತ್ತೆಹಚ್ಚಿದನು. ಇಂಗ್ಲೆಂಡಿನ ಸಿಂಕ್ಲೇರ್ ಸಂಸ್ಥೆ 1982ರಲ್ಲಿ 'ಝಡ್‌ಎಕ್ಸ್ ಸ್ಪೆಕ್ಟ್ರಮ್' ಎಂಬ ಅಗ್ಗದ ಗೃಹಗಣಕವನ್ನು ಮಾರುಕಟ್ಟೆಗೆ ತಂದಿತು. 1984ರಲ್ಲಿ ಗಟ್ಟಿ ಕೀಲಿಗಳ 'ಸ್ಪೆಕ್ಟ್ರಮ್ ಪ್ಲಸ್' ಬಂದಿತು. ಅದನ್ನೇ ಪರವಾನಗಿ ಪಡೆದು ನಮ್ಮ ದೇಶದಲ್ಲಿ 'ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್' ಎಂಬ ಸಂಸ್ಥೆ 1986ರಿಂದ 'ಡಿಬಿ ಸ್ಪೆಕ್ಟ್ರಮ್ ಪ್ಲಸ್' ಎಂಬ ಹೆಸರಿನಲ್ಲಿ ಮಾರಿತು. ಅದರ ಸ್ಮರಣಶಕ್ತಿ 48 ಕಿಲೋಬೈಟ್. ಇಂದು ಕೈಫೋನಿನಲ್ಲಿ ತೆಗೆದ ಒಂದು ಛಾಯಾಚಿತ್ರ ಅದರ ಹಲವು ಪಟ್ಟು ಜಾಗವನ್ನು ಬೇಡುತ್ತದೆ. ಅದಕ್ಕೆ ತನ್ನದೇ ಪರದೆಯಿಲ್ಲ, ಮನೆಯ ದೂರದರ್ಶನವೇ ಪರದೆ. ತನ್ನದೇ ಭಂಡಾರವಿಲ್ಲ, ಹಾಡು ಕೇಳುವ ಟೇಪ್ ರೆಕಾರ್ಡರೇ ಭಂಡಾರ. ಒಂಟಿಯಾಗಿ ಅದು ಏನನ್ನೂ ಮಾಡಲಾರದು. ಸುತ್ತಲಿನ ಉಪಕರಣಗಳು ಸರಿಯಾಗಿ ಕೂಡಿಬಂದಾಗಲೇ ಅದಕ್ಕೆ ಜೀವ.

ತೊಡಕು ಇದ್ದದ್ದು ಅಲ್ಲಿಯೇ. ಪೆಟ್ಟಿಗೆಯಲ್ಲಿದ್ದ ತಂತಿಗಳೆಲ್ಲ ಇದೇ ಯಂತ್ರದವಾಗಿರಲಿಲ್ಲ. 1984-85ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯನ್ನು ಆರಂಭಿಸಿ, ಮೊದಲ ಹಂತದಲ್ಲಿ ದೇಶದ 250 ಶಾಲೆಗಳಿಗೆ 'ಬಿಬಿಸಿ ಮೈಕ್ರೋ' ಎಂಬ ಗಣಕಯಂತ್ರಗಳನ್ನು ಒದಗಿಸಿದ್ದು ಹಿರಿಯ ಅಧ್ಯಾಪಕರಿಗೆ ನೆನಪಿರಬಹುದು. ಇಂಗ್ಲೆಂಡಿನ ಏಕಾರ್ನ್ ಸಂಸ್ಥೆಯ ಆ ಯಂತ್ರವನ್ನು ಮುಂದೆ ಚಂಡೀಗಢ ಸಮೀಪದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ತಯಾರಿಸಿತು. ಅಣ್ಣನವರ ಶಾಲೆಗೂ ಅಂಥ ಯಂತ್ರಗಳು ಬಂದಿದ್ದವು. ಅವು ಕೆಟ್ಟು ಮೂಲೆಗೆ ಸೇರಿ ಹರಾಜಾದಾಗ, ಅಣ್ಣನವರು ಬಿಡಿ ತಂತಿಗಳನ್ನು ತೂಕದ ಲೆಕ್ಕದಲ್ಲಿ ಕೊಂಡು ತಂದಿದ್ದರೆಂದು ಅತ್ತಿಗೆಯವರು ತಿಳಿಸಿದರು. ಹೀಗಾಗಿ ಎರಡು ಮನೆತನಗಳ ಒಡವೆಗಳು ಒಂದೇ ಪೆಟ್ಟಿಗೆಯಲ್ಲಿ ಬೆರೆತಿದ್ದವು.

ನಾವು ನಾಲ್ಕು ದಶಕ ವಿಜ್ಞಾನ ಬೋಧಿಸಿದವರು. ತಂತಿ ಜೋಡಿಸುವುದು ನಮಗೆ ಯಾವ ಮಹಾವಿದ್ಯೆ ಎಂಬ ಅಹಂಭಾವ ನಮ್ಮಲ್ಲಿತ್ತು. ಯಂತ್ರಕ್ಕೆ 9 ವೋಲ್ಟ್ ಬೇಕೆಂದು ತಿಳಿದಿತ್ತು. ಅದರ ಮೂಲ ಅಡಾಪ್ಟರಿನ ತಂತಿಯನ್ನು ಇಲಿ ಕಡಿದಿತ್ತು. ಮನೆಯಲ್ಲಿ ಇಂಟರ್‌ನೆಟ್ಟಿನ ಪೆಟ್ಟಿಗೆಯದೊಂದು ಹಳೆಯ ಅಡಾಪ್ಟರ್ ಇತ್ತು. ಅದರ ಮೇಲೂ 9 ವೋಲ್ಟ್ ಎಂದೇ ಬರೆದಿತ್ತು; ಅದರ ತುದಿ ಯಂತ್ರದ ರಂಧ್ರದಲ್ಲಿ ಹೇಳಿ ಮಾಡಿಸಿದಂತೆ ಕುಳಿತಿತು. ಹುಡುಗ, "ಮುತ್ಯಾ, ಸ್ವಲ್ಪ ನೋಡಿ ಹಚ್ಚೋಣ" ಎಂದನು. "ನೋಡುವುದೇನಿದೆ, ಹೊಂದಿತಲ್ಲ" ಎಂದು ನಾವೇ ಗುಂಡಿಯನ್ನು ಒತ್ತಿದೆವು. ಸಣ್ಣದೊಂದು ಸುಟ್ಟ ವಾಸನೆ ಬಂದಿತು. ಪರದೆಯ ಮೇಲೆ ಏನೂ ಮೂಡಲಿಲ್ಲ. ಅತ್ತಿಗೆಯವರು ಒಳಗಿದ್ದರು, ಅವರಿಗೆ ಆ ರಾತ್ರಿ ನಾವು ನಿಜವನ್ನು ಹೇಳಲಿಲ್ಲ. "ನಾಳೆ ನೋಡೋಣ" ಎಂದು ಹೇಳಿ ಮನೆಗೆ ಬಂದೆವು. ನಿದ್ರೆ ಬರಲಿಲ್ಲ. ಬದುಕಿದ್ದಾಗ ಅಣ್ಣನವರ ಯಂತ್ರವನ್ನು ಮಾತಿನಿಂದ ಹಳಿದಿದ್ದೆವು. ಈಗ ಕೈಯಿಂದಲೇ ಸುಟ್ಟೆವು.

ಮರುದಿನ ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ ಅತ್ತಿಗೆಯವರ ಬಳಿಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ರಿಪೇರಿ ಆಗತದೇನು, ಕೇಳ್ರಿ" ಎಂದಷ್ಟೇ ನುಡಿದರು.

ಯಂತ್ರವನ್ನೂ ಪೆಟ್ಟಿಗೆಯನ್ನೂ ಕಟ್ಟಿಕೊಂಡು ನಾವು ಮತ್ತು ಹುಡುಗ ರೈಲಿನಲ್ಲಿ ಬೀದರ, ವಿಕಾರಾಬಾದಿನ ಮಾರ್ಗವಾಗಿ ಹೈದರಾಬಾದಿಗೆ ಹೋದೆವು. ಅಲ್ಲಿ ಕೋಠಿಯ ಗುಜರಾತಿ ಗಲ್ಲಿ ಎಂದರೆ ವಿದ್ಯುನ್ಮಾನ ಬಿಡಿಭಾಗಗಳ ಸಂತೆ. ನಾಲ್ಕಾರು ಅಂಗಡಿಗಳಲ್ಲಿ ವಿಚಾರಿಸಿದ ಮೇಲೆ, ಹಳೆಯ ರೇಡಿಯೋಗಳ ನಡುವೆ ಕುಳಿತಿದ್ದ ಒಬ್ಬ ವೃದ್ಧ ಕುಶಲಕರ್ಮಿಯ ಬಳಿ ನಮ್ಮನ್ನು ಕಳುಹಿಸಿದರು. ಅವರು ಯಂತ್ರವನ್ನು ಕಂಡು ಹಳೆಯ ಗೆಳೆಯನನ್ನು ಕಂಡಂತೆ ನಕ್ಕರು. ನಾವು ತಂದಿದ್ದ ಅಡಾಪ್ಟರನ್ನು ನೋಡಿ ತಲೆಯಾಡಿಸಿ, ಅದರ ಮೈಮೇಲಿನ ಒಂದು ಸಣ್ಣ ಚಿತ್ರಕ್ಕೆ ಬೆರಳಿಟ್ಟು ತೋರಿಸಿದರು.

ಆ ಚಿತ್ರ ಪ್ರತಿಯೊಬ್ಬರ ಮನೆಯ ಅಡಾಪ್ಟರಿನ ಮೇಲೂ ಇರುತ್ತದೆ. ನಾವು ಯಾರೂ ನೋಡುವುದಿಲ್ಲ. ನಡುವೆ ಒಂದು ಬಿಂದು, ಅದರ ಸುತ್ತ ಅರ್ಧ ವೃತ್ತ, ಎರಡು ಪಕ್ಕಗಳಲ್ಲಿ ಧನ ಮತ್ತು ಋಣದ ಚಿಹ್ನೆಗಳು. ನಡುವಿನ ಬಿಂದುವಿಗೆ ಯಾವ ಚಿಹ್ನೆಯಿಂದ ಗೆರೆ ಬಂದಿದೆಯೋ, ತುದಿಯ ಒಳಗಂಬಕ್ಕೆ ಆ ಧ್ರುವ ಎಂದು ಅರ್ಥ. ಇಂದಿನ ಬಹುತೇಕ ಅಡಾಪ್ಟರುಗಳಲ್ಲಿ ಒಳಭಾಗ ಧನ, ಹೊರಭಾಗ ಋಣ. ಸ್ಪೆಕ್ಟ್ರಮ್ ಯಂತ್ರಕ್ಕೆ ಇದು ತಿರುವುಮುರುವು: ಒಳಭಾಗ ಋಣವಾಗಿರಬೇಕು. ವೋಲ್ಟ್ ಒಂದೇ, ತುದಿಯ ಅಳತೆ ಒಂದೇ. ಆದರೆ ಸ್ವಭಾವ ವಿರುದ್ಧ. ನಾವು ಕಣ್ಣಿಗೆ ಕಂಡ ಎರಡು ಹೋಲಿಕೆಗಳನ್ನು ನಂಬಿ, ಕಾಣದ ಮೂರನೆಯದನ್ನು ಕೇಳಲೇ ಇಲ್ಲ.

ಪುಣ್ಯಕ್ಕೆ ಹಾನಿ ಸಣ್ಣದಾಗಿತ್ತು. ಒಂದು ಟ್ರಾನ್ಸಿಸ್ಟರ್ ಮತ್ತು ಕೆಲವು ಸ್ಮರಣ ಚಿಪ್ಪುಗಳು ಹೋಗಿದ್ದವು. ಅವನ್ನು ಹುಡುಕಿ ತರಿಸಲು ಹತ್ತು ದಿನ ಬೇಕೆಂದರು. ಇಲಿ ಕಡಿದಿದ್ದ ಮೂಲ ಅಡಾಪ್ಟರಿಗೆ ಹೊಸ ತಂತಿ ಹಾಕಿ, ಮೀಟರ್ ಹಿಡಿದು ಧ್ರುವಗಳನ್ನು ಪರೀಕ್ಷಿಸಿ ತೋರಿಸಿದರು. ಮೀಟರಿನಲ್ಲಿ 9ಕ್ಕೆ ಬದಲು 12ಕ್ಕೂ ಮೇಲೆ ಕಂಡಿದ್ದರಿಂದ ನಾವು ಗಾಬರಿಯಾದೆವು. ಹಳೆಯ ಕಾಲದ ಇಂಥ ಅಡಾಪ್ಟರುಗಳು ಹೊರೆಯಿಲ್ಲದಾಗ ಹೆಚ್ಚು ತೋರಿಸುತ್ತವೆ, ಯಂತ್ರ ಕೂಡಿದೊಡನೆ ಇಳಿಯುತ್ತವೆ, ಅದು ದೋಷವಲ್ಲ ಎಂದು ಅವರು ಸಮಾಧಾನ ಹೇಳಿದರು.

ಆಮೇಲೆ ಅವರು ಪೆಟ್ಟಿಗೆಯಲ್ಲಿದ್ದ ತಂತಿಗಳನ್ನೆಲ್ಲ ಮೇಜಿನ ಮೇಲೆ ಸುರಿದು, ಒಂದೊಂದನ್ನೂ ಎತ್ತಿ ನಮ್ಮಿಂದಲೇ ಹೆಸರು ಹೇಳಿಸಿದರು. ಶಿಕ್ಷಕರಾಗಿ ನಿವೃತ್ತರಾದ ನಾವು ಅಂದು ಮತ್ತೆ ವಿದ್ಯಾರ್ಥಿಗಳಾದೆವು. ನಿಮ್ಮ ಮನೆಗಳಲ್ಲಿಯೂ ಇಂಥ ಪೆಟ್ಟಿಗೆ ಇರಬಹುದಾದ್ದರಿಂದ ಆ ಪಾಠವನ್ನು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಒಂದು ತುದಿಯಲ್ಲಿ ಏಳು ಕಡ್ಡಿಗಳ ದುಂಡನೆಯ ಪ್ಲಗ್ಗು, ಇನ್ನೊಂದು ತುದಿಯಲ್ಲಿ ಮೂರು ಜಾಕುಗಳು, ಅವುಗಳಲ್ಲಿ ಎರಡು ದಪ್ಪ, ಒಂದು ಸಣ್ಣದು: ಇದು ಬಿಬಿಸಿ ಯಂತ್ರದ ಟೇಪ್ ತಂತಿ. ಆ ಸಣ್ಣ ಜಾಕು ಟೇಪ್ ರೆಕಾರ್ಡರಿನ ಮೋಟಾರನ್ನು ಯಂತ್ರವೇ ನಡೆಸಿ ನಿಲ್ಲಿಸುವುದಕ್ಕಾಗಿ. ಸ್ಪೆಕ್ಟ್ರಮ್‌ಗೆ ಆ ಅನುಕೂಲವಿಲ್ಲ. ಅದರ ತಂತಿಗೆ ಎರಡೂ ತುದಿಗಳಲ್ಲಿ ಎರಡೆರಡು ಜಾಕುಗಳು ಮಾತ್ರ.

ಪಟ್ಟಿಯಂತೆ ಅಗಲವಾದ, ಅಂಚಿನಲ್ಲಿ ಕೆಂಪು ಗೆರೆಯುಳ್ಳ, 34 ಎಳೆಗಳ ತಂತಿ ಬಿಬಿಸಿ ಯಂತ್ರದ ಫ್ಲಾಪಿ ಡ್ರೈವಿನದು. ಆ ಕೆಂಪು ಗೆರೆ ಮೊದಲನೆಯ ಎಳೆಯ ಗುರುತು. ಇಲ್ಲೊಂದು ಅಪಾಯವಿದೆ. ಬಿಬಿಸಿ ಯಂತ್ರದ ಹೊಟ್ಟೆಯ ಕೆಳಗೆ 34 ಕಡ್ಡಿಗಳ ಸ್ಥಾನಗಳು ಎರಡಿವೆ. ಒಂದು ಡ್ರೈವಿಗೆ, ಇನ್ನೊಂದು ಬೇರೆಯೇ ಉಪಕರಣಗಳಿಗೆ. ಒಂದೇ ಪ್ಲಗ್ಗು ಎರಡಕ್ಕೂ ಹಿಡಿಯುತ್ತದೆ. ಎಲ್ಲಿ ಹಿಡಿಯಿತು ಎಂಬುದಲ್ಲ, ಪಕ್ಕದಲ್ಲಿ ಏನು ಬರೆದಿದೆ ಎಂಬುದೇ ಪ್ರಮಾಣ.

ಒಂಬತ್ತು ಕಡ್ಡಿಗಳ ಪ್ಲಗ್ಗು ಎಲ್ಲಕ್ಕಿಂತ ಮೋಸದ್ದು. ಆಟದ ಜಾಯ್‌ಸ್ಟಿಕ್ಕಿಗೂ ಅದೇ ಆಕಾರ, ಹಳೆಯ ಪಿ.ಸಿ.ಯ ಸೀರಿಯಲ್ ತಂತಿಗೂ ಅದೇ ಆಕಾರ, ಕೆಲವು ಹಳೆಯ ಮಾನಿಟರುಗಳಿಗೂ ಅದೇ ಆಕಾರ. ಜಾಯ್‌ಸ್ಟಿಕ್ಕು 5 ವೋಲ್ಟಿನಲ್ಲಿ ಬಾಳುವಂಥದು. ಸೀರಿಯಲ್ ತಂತಿಯಲ್ಲಿ 12 ವೋಲ್ಟಿನವರೆಗೂ ಹರಿಯಬಹುದು. ಹದಿನೈದು ಕಡ್ಡಿಗಳದೂ ಹಾಗೆಯೇ. ಎರಡು ಸಾಲಿನಲ್ಲಿದ್ದರೆ ಬಿಬಿಸಿಯ ಅಥವಾ ಪಿ.ಸಿ.ಯ ಜಾಯ್‌ಸ್ಟಿಕ್ಕಿನದಿರಬಹುದು, ಮೂರು ಸಾಲಿನಲ್ಲಿದ್ದರೆ ಮಾನಿಟರಿನದು. ಆದ್ದರಿಂದ ಕಡ್ಡಿಗಳನ್ನು ಎಣಿಸಿದರಷ್ಟೇ ಸಾಲದು, ಸಾಲುಗಳನ್ನೂ ಎಣಿಸಬೇಕು. ತಂತಿ ಯಾವ ಉಪಕರಣದಿಂದ ಹೊರಟಿದೆ ಎಂಬುದನ್ನೂ ನೋಡಬೇಕು.

ಸ್ಪೆಕ್ಟ್ರಮ್ ಪ್ಲಸ್‌ನಲ್ಲಿ ಜಾಯ್‌ಸ್ಟಿಕ್ಕಿಗೆ ನೇರವಾದ ಸ್ಥಾನವೇ ಇಲ್ಲ. ಅದರ ಹಿಂಬದಿಯಲ್ಲಿ ಮಂಡಲದ ಅಂಚೇ ಹೊರಗೆ ಕಾಣುತ್ತದೆ. ಮೇಲೂ ಕೆಳಗೂ ತಾಮ್ರದ ಪಟ್ಟಿಗಳು. ಪೆಟ್ಟಿಗೆಯಲ್ಲಿದ್ದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕಪ್ಪು ಡಬ್ಬಿಯನ್ನು ಆ ಅಂಚಿಗೆ ಸಿಕ್ಕಿಸಿ, ಅದಕ್ಕೆ ಜಾಯ್‌ಸ್ಟಿಕ್ಕನ್ನು ಜೋಡಿಸಬೇಕು. ವಿದ್ಯುತ್ತು ಹರಿಯುತ್ತಿರುವಾಗ ಇದನ್ನು ಹಾಕುವುದಾಗಲಿ ತೆಗೆಯುವುದಾಗಲಿ ಕೂಡದು. ತುಸು ಓರೆಯಾದರೂ ಪಟ್ಟಿಗೆ ಪಟ್ಟಿ ತಾಗಿ ಯಂತ್ರ ಸಾಯುತ್ತದೆ. ಕೆಟ್ಟ ಬಿಬಿಸಿ ಯಂತ್ರ ಯಾರ ಮನೆಯಲ್ಲಾದರೂ ಇದ್ದರೆ ಅದನ್ನು ಥಟ್ಟನೆ ಹಚ್ಚಬಾರದೆಂದೂ ಅವರು ಎಚ್ಚರಿಸಿದರು. ಅದರೊಳಗಿನ ವಿದ್ಯುತ್ ಪೆಟ್ಟಿಗೆಯಲ್ಲಿರುವ ಒಂದು ಬಗೆಯ ಕಂಡೆನ್ಸರುಗಳು ವಯಸ್ಸಾಗಿ ಬಿರುಕು ಬಿಟ್ಟು ತೇವ ಹೀರಿರುತ್ತವೆ. ಹಚ್ಚಿದ ಕೆಲವು ನಿಮಿಷಗಳಲ್ಲಿಯೇ ಒಡೆದು ಕೋಣೆಯ ತುಂಬ ಹೊಗೆಯಾಗುತ್ತದೆ. ಮೊದಲು ಬಲ್ಲವರಿಂದ ಅವನ್ನು ಬದಲಾಯಿಸಬೇಕು.

ಎಲ್ಲವನ್ನೂ ವಿಂಗಡಿಸಿದ ಮೇಲೆ ಅವರು ಕ್ಯಾಸೆಟ್ಟುಗಳನ್ನು ಕೈಗೆ ತೆಗೆದುಕೊಂಡು, ಅವುಗಳ ಬೆನ್ನಿನ ಎರಡು ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಮುರಿದುಹಾಕಿದರು. ನಮಗೆ ಎದೆ ಝಲ್ಲೆಂದಿತು. ಆ ಚೂರುಗಳಿಲ್ಲದಿದ್ದರೆ ರೆಕಾರ್ಡರಿನ ಧ್ವನಿಮುದ್ರಣದ ಗುಂಡಿ ಒತ್ತಲಾಗದು. ಮರೆತು ಒತ್ತಿ ಇದ್ದುದನ್ನು ಅಳಿಸುವ ಭಯವಿಲ್ಲ ಎಂದು ಅವರು ವಿವರಿಸಿದರು. "ಯಂತ್ರ ಹೋದರೆ ನಾನಿದ್ದೇನೆ, ಟೇಪು ಹೋದರೆ ಯಾರಿದ್ದಾರೆ? ಮೊದಲು ಅದರ ನಕಲು ಮಾಡಿಕೊಳ್ಳಿ" ಎಂದು ದಖನಿ ಉರ್ದುವಿನಲ್ಲಿ ಹೇಳಿ ಕಳುಹಿಸಿದರು. ಅವರ ಮತ ಬೇರೆ, ಮಾತು ಬೇರೆ. ಆದರೆ ಕಾಯಕವನ್ನು ಪೂಜೆಯೆಂದು ತಿಳಿದವರನ್ನು ನಾವು ಅಂದು ಕಣ್ಣಾರೆ ಕಂಡೆವು.

ಭಾಲ್ಕಿಗೆ ಮರಳಿದ ಮೇಲೆ ಯಂತ್ರ ಬರುವವರೆಗೆ ನಮಗೆ ಉಳಿದದ್ದು ಕ್ಯಾಸೆಟ್ಟುಗಳು ಮತ್ತು ಆ ಚೌಕಳಿ ನೋಟುಪುಸ್ತಕ. ಪುಸ್ತಕದ ತುಂಬ ಅಂಕಿಗಳಿದ್ದವು. ಎಂಟೆಂಟು ಅಂಕಿಗಳ ಕಂಬಗಳು, ಪುಟದ ಮೇಲೆ ಪುಟ. 60, 66, 129 ಹೀಗೆ. ಅದನ್ನು ಮೊದಲ ದಿನವೇ ನೋಡಿದ್ದ ನಾವು, ಅಣ್ಣನವರು ಯಂತ್ರಕ್ಕಾಗಿ ಮಾಡಿದ ಸಾಲದ ಕಂತುಗಳೆಂದು ಬಗೆದಿದ್ದೆವು. ಅತ್ತಿಗೆಯವರ ಕಣ್ಣಿಗೆ ಬೀಳಬಾರದೆಂದು ಬಚ್ಚಿಟ್ಟಿದ್ದೆವು. ಹುಡುಗ ಅದನ್ನು ತಿರುವಿಹಾಕಿ, "ಮುತ್ಯಾ, ಇಷ್ಟು ಅಂಕಿಗಳೊಳಗ ಒಂದೂ 255ಕ್ಕಿಂತ ದೊಡ್ಡದಿಲ್ಲ ನೋಡ್ರಿ. ಇದು ಸಾಲದ ಲೆಕ್ಕ ಅಲ್ಲ" ಎಂದನು.

ಅವನು ಒಂದು ಹಾಳೆಯ ಮೇಲೆ ಎಂಟು ಅಡ್ಡ, ಎಂಟು ಉದ್ದದ ಮನೆಗಳನ್ನು ಬರೆದನು. ಪ್ರತಿ ಸಾಲಿನ ಎಂಟು ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂಬ ಬೆಲೆಗಳು. ಕಪ್ಪಾಗಬೇಕಾದ ಮನೆಗಳ ಬೆಲೆಗಳನ್ನು ಕೂಡಿದರೆ ಆ ಸಾಲಿನ ಅಂಕಿ. 60 ಎಂದರೆ ನಡುವಿನ ನಾಲ್ಕು ಮನೆ ಕಪ್ಪು. 66 ಎಂದರೆ ಎರಡು ಕಡೆ ಒಂದೊಂದು. 129 ಎಂದರೆ ಎರಡು ತುದಿಗಳು. ಮೂರು ಸಾಲುಗಳನ್ನು ತುಂಬುವಷ್ಟರಲ್ಲಿ ದುಂಡನೆಯ ಗೆರೆಯೊಂದು ಬಾಗಿ ಬಂದಿತು. ಅದು ಕನ್ನಡ ಅಕ್ಷರದ ನೆತ್ತಿ.

ಸ್ಪೆಕ್ಟ್ರಮ್ ಯಂತ್ರದಲ್ಲಿ ಬಳಸುವವರು ತಾವೇ ರಚಿಸಿಕೊಳ್ಳಬಹುದಾದ ಚಿಹ್ನೆಗಳಿಗೆ 21 ಸ್ಥಾನಗಳನ್ನು ಬಿಟ್ಟಿದ್ದರು. ನಮ್ಮ ವರ್ಣಮಾಲೆಯಲ್ಲಿ ಮೂಲಾಕ್ಷರಗಳೇ 49. ಗುಣಿತ, ಒತ್ತಕ್ಷರಗಳು ಬೇರೆ. ಮೇಲಾಗಿ ಎಂಟು ಮನೆಯ ಚೌಕದಲ್ಲಿ 'ಪ್ರಾ' ಎಂಬ ಅಕ್ಷರವನ್ನು ಓದುವಂತೆ ಬರೆಯುವುದಾದರೂ ಹೇಗೆ? ಅಣ್ಣನವರು ಒಂದೊಂದು ಅಕ್ಷರಕ್ಕೆ ನಾಲ್ಕು ಚೌಕಗಳನ್ನು ಕೂಡಿಸಿದ್ದರು. ಪುಸ್ತಕದಲ್ಲಿ ಒಟ್ಟು 60 ಚೌಕಗಳಿದ್ದವು, ಅಂದರೆ 15 ಅಕ್ಷರಗಳು. ಇರುವ 21 ಸ್ಥಾನಗಳಿಗೆ 60 ಚೌಕಗಳನ್ನು ಹಿಡಿಸಲು, ಚಿಹ್ನೆಗಳು ಎಲ್ಲಿವೆಯೆಂದು ಯಂತ್ರ ನೆನಪಿಡುವ ವಿಳಾಸವನ್ನೇ ಅವರು ಮತ್ತೆ ಮತ್ತೆ ಬದಲಾಯಿಸಿ, ಮೂರು ತಂಡಗಳನ್ನು ಮಾಡಿದ್ದರು. ಒಟ್ಟು 480 ಅಂಕಿಗಳು. ಪ್ರತಿಯೊಂದನ್ನೂ ಕೈಯಿಂದ ಕೂಡಿ ಬರೆದದ್ದು. ಕನ್ನಡವನ್ನೂ ಒಳಗೊಂಡ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಿತು. ನಮ್ಮ ಮಕ್ಕಳು ಇಂದು ಕೈಫೋನಿನಲ್ಲಿ ಕನ್ನಡ ಬರೆಯುವುದು ಅದರ ಆಧಾರದಿಂದಲೇ. ಅಣ್ಣನವರ ಪುಸ್ತಕದ ಕೊನೆಯ ಪುಟದಲ್ಲಿ 'ಬಸವ ಜಯಂತಿ, 1989' ಎಂದು ಬರೆದಿತ್ತು.

ನಮ್ಮ ಸೀಮೆಯವರಿಗೆ ಭಾಲ್ಕಿ ಹಿರೇಮಠ ಸಂಸ್ಥಾನದ ಡಾ. ಚನ್ನಬಸವ ಪಟ್ಟದ್ದೇವರ ವಿಷಯ ಹೇಳಿಕೊಡಬೇಕಾಗಿಲ್ಲ. ನಿಜಾಮರ ಆಳಿಕೆಯಲ್ಲಿ ಕನ್ನಡ ಕಲಿಸುವುದು ದುಸ್ತರವಾಗಿದ್ದಾಗ, ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಪಾಠ ನಡೆಸಿದ ಪುಣ್ಯಪುರುಷರವರು. ಆ ಕಥೆಯನ್ನು ನಾವು ಎಷ್ಟೋ ಸಭೆಗಳಲ್ಲಿ ಭಾಷಣ ಮಾಡಿದ್ದೇವೆ. ಅಂದು ಆ ಅಂಕಿಗಳ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಾಗ ನಮಗೆ ತಿಳಿಯಿತು: ಕಥೆಯನ್ನು ಹೇಳಿದವರು ನಾವು, ಅದರಂತೆ ನಡೆದವರು ಅಣ್ಣನವರು. ಹೊರಗೆಲ್ಲ ಇಂಗ್ಲಿಷ್ ಬರೆದಿದ್ದ ಯಂತ್ರದ ಒಳಗೆ ಅವರು ಸದ್ದಿಲ್ಲದೆ ಕನ್ನಡವನ್ನು ಕೂರಿಸಿದ್ದರು.

ಹೈದರಾಬಾದಿನ ಕುಶಲಕರ್ಮಿ ಹೇಳಿದಂತೆ ಮೊದಲು ಟೇಪಿನ ನಕಲು ಮಾಡಿದೆವು. ಮನೆಯ ಹಳೆಯ ಟೂ-ಇನ್-ಒನ್ನಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು. ಹೊಸದು ಹಾಕಿಸಿ, ಅದರ ತಲೆಯನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿದೆವು. ಹುಡುಗ ತನ್ನ ಲ್ಯಾಪ್‌ಟಾಪಿಗೆ ಒಂದು ಚಿಕ್ಕ ಯುಎಸ್‌ಬಿ ಸೌಂಡ್ ಕಾರ್ಡು ಜೋಡಿಸಿ, ರೆಕಾರ್ಡರಿನ 'ಇಯರ್' ರಂಧ್ರದಿಂದ ತಂತಿ ಎಳೆದು, ಕ್ಯಾಸೆಟ್ಟುಗಳ ಧ್ವನಿಯನ್ನೆಲ್ಲ ಕಡತಗಳಾಗಿ ಉಳಿಸಿದನು. ನಕಲು ಮಾಡುವಾಗ ಅದನ್ನು ಕೇಳಬೇಕಾದ ಅಗತ್ಯವಿರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ. ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶಗಳಿವೆ, ಲ್ಯಾಪ್‌ಟಾಪಿನಲ್ಲಿಯೇ ತೋರಿಸಬಹುದು ಎಂದು ಅವನು ಅಜ್ಜಿಗೆ ಹೇಳಿದನು. ಅತ್ತಿಗೆಯವರು ಒಪ್ಪಲಿಲ್ಲ. "ಅವರದರ ಮ್ಯಾಲೇ ನೋಡ್ತೀನಿ" ಎಂದರು.

ಬಸವ ಜಯಂತಿಯ ಮುನ್ನಾದಿನ ಯಂತ್ರ ಬಂದಿತು. ಜಯಂತಿಯ ದಿನ ಮೆರವಣಿಗೆ, ಪ್ರಸಾದ ಮುಗಿದ ಮೇಲೆ, ಸಂಜೆ ಅಣ್ಣನವರ ಮನೆಯ ಪಡಸಾಲೆಯಲ್ಲಿ ಎಲ್ಲರೂ ಕುಳಿತೆವು. ಈ ಸಲ ನಾವು ಅವಸರಪಡಲಿಲ್ಲ. ಅಡಾಪ್ಟರನ್ನು ಎರಡು ಸಲ ಮೀಟರಿನಿಂದ ನೋಡಿದೆವು. ಹಳೆಯ ಬಣ್ಣದ ದೂರದರ್ಶನದ ಏರಿಯಲ್ ರಂಧ್ರಕ್ಕೆ ಯಂತ್ರದ ತಂತಿಯನ್ನು ಕೂಡಿಸಿ, ಚಾನೆಲ್ಲುಗಳನ್ನು ನಿಧಾನವಾಗಿ ಹುಡುಕಿದೆವು. ಬಿಳಿಯ ಪರದೆಯ ಕೆಳಗಡೆ ಸಿಂಕ್ಲೇರ್ ಸಂಸ್ಥೆಯ ಹೆಸರೂ 1982 ಎಂಬ ಇಸವಿಯೂ ಮೂಡಿದಾಗ ಹುಡುಗ ಚಪ್ಪಾಳೆ ತಟ್ಟಿದನು. ರೆಕಾರ್ಡರಿನ 'ಇಯರ್' ಯಂತ್ರದ 'ಇಯರ್'ಗೆ. 'ಮೈಕ್' ತಂತಿಯನ್ನು ಜೋಡಿಸಲೇ ಇಲ್ಲ. ಅದು ಬರೆಯುವುದಕ್ಕೆ ಬೇಕು, ಓದುವುದಕ್ಕೆ ಬೇಡ. 'ಲೋಡ್' ಎಂಬ ಕೀಲಿಯನ್ನೊತ್ತಿ ಕ್ಯಾಸೆಟ್ಟನ್ನು ಓಡಿಸಿದೆವು. ಪರದೆಯ ಅಂಚಿನಲ್ಲಿ ಕೆಂಪು, ತಿಳಿನೀಲಿ ಪಟ್ಟೆಗಳು ಓಡಿದವು. ಬಳಿಕ ನೀಲಿ, ಹಳದಿ. ಅರ್ಧದಲ್ಲಿಯೇ ನಿಂತು 'ಟೇಪ್ ಲೋಡಿಂಗ್ ಎರರ್' ಎಂದು ಬರೆಯಿತು.

ಧ್ವನಿಯ ಮಟ್ಟ ಕಡಿಮೆಯಾಗಿರಬಹುದೆಂದು ಹುಡುಗ ಟೇಪನ್ನು ಮೊದಲಿಗೆ ಸುತ್ತಿ, ತಂತಿ ತೆಗೆದು, ಸದ್ದನ್ನು ಹೊರಗೇ ಕೇಳಿಸಿದನು. ಆಗ ಆ ಕರ್ಕಶ ಶಬ್ದಕ್ಕೆ ಮುಂಚೆ, ನಾವು ಯಾರೂ ನಿರೀಕ್ಷಿಸದೆ ಇದ್ದದ್ದು ಕೇಳಿಬಂದಿತು. ಯಾವ ಕಾರ್ಯಕ್ರಮ ಎಲ್ಲಿದೆಯೆಂದು ಗುರುತಿಗಾಗಿ ಅಣ್ಣನವರು ತಮ್ಮ ಧ್ವನಿಯನ್ನೇ ಮೊದಲು ಮುದ್ರಿಸಿದ್ದರು. ನಲವತ್ತರ ಹರೆಯದ, ತರಗತಿಯಲ್ಲಿ ಲೆಕ್ಕ ಹೇಳುವಂಥ ಸ್ಪಷ್ಟ ಧ್ವನಿ:

"ಇದು ಎರಡನೆಯ ಪ್ರತಿ. ಷಟ್‌ಸ್ಥಲ. ಒಂದು ನಿಮಿಷ ತಡೆಯಬೇಕು."

ಅತ್ತಿಗೆಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹುಡುಗ ಟೇಪನ್ನು ನಿಲ್ಲಿಸಿ ಅವರ ಮುಖ ನೋಡಿದನು. "ಇನ್ನೊಮ್ಮೆ ಹಚ್ಚು" ಎಂದರು. ಮೂರು ಸಲ ಕೇಳಿದೆವು. ಬಾವಿಯ ಹಣಕ್ಕಾಗಿ ನಾವು ಬರೆದ ಪತ್ರಕ್ಕೂ ಅವರು ಇದೇ ಮಾತಿನಿಂದ ಉತ್ತರಿಸಿದ್ದರಲ್ಲವೇ? ಎರಡು ತಿಂಗಳು ತಡೆಯಬೇಕು ಎಂದು. ಎರಡು ತಿಂಗಳಿಗೆ ಸರಿಯಾಗಿ ಹಣವೂ ಬಂದಿತ್ತು. ಅದನ್ನು ನಾವು ಯಾರ ಮುಂದೆಯೂ ಹೇಳಿರಲಿಲ್ಲ. ಆ ಸಂಜೆ ಮಕ್ಕಳ ಮುಂದೆ ಹೇಳಿದೆವು.

ಸದ್ದನ್ನು ತುಸು ಏರಿಸಿ ತಂತಿಯನ್ನು ಮತ್ತೆ ಕೂಡಿಸಿದೆವು. ಒಂದು ನಿಮಿಷ ಎಲ್ಲರೂ ಸುಮ್ಮನೆ ತಡೆದೆವು. ಪಟ್ಟೆಗಳು ನಿಂತವು. ಬಿಳಿಯ ಪರದೆಯ ಮೇಲೆ ಕಪ್ಪು ಅಕ್ಷರಗಳು ಒಂದೊಂದಾಗಿ, ಕಲಿಯುವ ಮಗುವಿನ ಬರವಣಿಗೆಯಂತೆ ತುಸು ಮೊಂಡಾಗಿ ಮೂಡಿದವು: ಭಕ್ತ. ಮಹೇಶ. ಪ್ರಸಾದಿ. ಪ್ರಾಣಲಿಂಗಿ. ಶರಣ. ಐಕ್ಯ. ಆರು ಸ್ಥಲಗಳು, ಹದಿನೈದು ಅಕ್ಷರಗಳು, ನಾಲ್ಕು ನೂರ ಎಂಬತ್ತು ಅಂಕಿಗಳು. ಅತ್ತಿಗೆಯವರು ಎದ್ದು ಹೋಗಿ ವಿಭೂತಿಯ ತಟ್ಟೆ ತಂದು, ಯಂತ್ರದ ಪಕ್ಕದಲ್ಲಿಟ್ಟು ಮತ್ತೆ ಕುಳಿತರು. ನಾವು ನೋಡಲು ಹೋಗದೆ ಉಳಿದ ಬಸವ ಜಯಂತಿಯನ್ನು ಅಂದು ನೋಡಿದೆವು. ಕ್ಷಮೆ ಕೇಳುವುದಕ್ಕೆ ಅಣ್ಣನವರು ಇರಲಿಲ್ಲ. ಅತ್ತಿಗೆಯವರ ಮುಂದೆ ಕೈಮುಗಿದೆವು.

ಈ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಬರೆದದ್ದು ನಮ್ಮ ಮನೆಯ ಕಥೆ ಹೇಳಿಕೊಳ್ಳಲು ಮಾತ್ರವಲ್ಲ. ನಿಮ್ಮ ಅಟ್ಟಗಳ ಮೇಲೆಯೂ ಹಿರಿಯರು ಬಿಟ್ಟುಹೋದ ಇಂಥ ಪೆಟ್ಟಿಗೆಗಳಿರಬಹುದು. ಅವನ್ನು ತೂಕಕ್ಕೆ ಹಾಕುವ ಮುನ್ನ ಒಮ್ಮೆ ತೆರೆದು ನೋಡಿರಿ. ಯಾವ ತಂತಿ ಯಾವುದರದೆಂದು ಚೀಟಿ ಬರೆದು ಕಟ್ಟಿರಿ. ಅಡಾಪ್ಟರಿನ ಮೇಲಿನ ಸಣ್ಣ ಚಿತ್ರವನ್ನು ಓದಿರಿ. ಕ್ಯಾಸೆಟ್ಟುಗಳ ಬೆನ್ನಿನ ಚೂರುಗಳನ್ನು ಮುರಿದಿಡಿರಿ, ಮೊದಲು ನಕಲು ಮಾಡಿಸಿರಿ. ಹೊಂದಿತೆಂದ ಮಾತ್ರಕ್ಕೆ ಗುಂಡಿ ಒತ್ತಬೇಡಿರಿ. ಮನೆಯೊಳಗಿನ ಯಾರನ್ನಾದರೂ ಸಿಟ್ಟಿನ ಭರದಲ್ಲಿ ಅಳೆದಿದ್ದರೆ, ಅವರು ಇರುವಾಗಲೇ ಅವರ ಪೆಟ್ಟಿಗೆಯನ್ನು ಅವರ ಕೈಯಿಂದಲೇ ತೆರೆಸಿ ನೋಡಿರಿ.

ಯಂತ್ರ ಈಗ ಅತ್ತಿಗೆಯವರ ಪಡಸಾಲೆಯಲ್ಲಿದೆ. ಮೊಮ್ಮಗ ರಜೆಯಲ್ಲಿ ಬಂದಾಗಲೆಲ್ಲ ಒಮ್ಮೆ ಹಚ್ಚುತ್ತಾನೆ. ನಾವೂ ಹೋಗಿ ಕುಳಿತುಕೊಳ್ಳುತ್ತೇವೆ, ಒಂದು ನಿಮಿಷ ತಡೆಯುತ್ತೇವೆ.